ಇಂಗ್ಲಿಷಿನ ಅಲಂಕಾರಗಳು: ಕನ್ನಡದ ದಾರಿಯಿಂದ



ಈ ದತ್ತಿ ಉಪನ್ಯಾಸಕ್ಕೆ ಕರೆದವರು ವಿಷಯವನ್ನೂ ತಾವೇ ಸೂಚಿಸಿದ್ದರು. ಇಂಗ್ಲಿಷಿನಲ್ಲಿ ದಿನಬಳಕೆಯಲ್ಲಿರುವ ‘ಫಿಗರ್ಸ್ ಆಫ್ ಸ್ಪೀಚ್’, ಅಂದರೆ ಮಾತಿನ ಅಲಂಕಾರಗಳನ್ನು ಕುರಿತು ಮಾತಾಡಬೇಕು, ಕನ್ನಡದಲ್ಲೇ ಮಾತಾಡಬೇಕು ಎಂದರು. ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಬೆಂಗಳೂರಿನ ರಾಜಾಜಿನಗರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಮನೆಯಲ್ಲಿ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದುತ್ತಿದ್ದವರು ಎಂದು ಅವರ ಮಗಳು ಈಗಷ್ಟೇ ಹೇಳಿದರು. ಹಾಗಿದ್ದ ಮೇಲೆ ಈ ವಿಷಯ ಅವರಿಗೆ ಒಪ್ಪಿತವೇ ಆಗುತ್ತಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟು. ಕನ್ನಡ ಓದಿದ ಹುಡುಗ ಹುಡುಗಿಯರು ಇಂಗ್ಲಿಷ್ ತರಗತಿಗೆ ಬರುವಾಗ ಅಲಂಕಾರದ ವಿಷಯದಲ್ಲಿ ಬರಿಗೈಯಲ್ಲಿ ಬರುವುದಿಲ್ಲ. ಇಂಗ್ಲಿಷ್ ವ್ಯಾಕರಣದ ಪುಸ್ತಕ ಕೊಡುವುದಕ್ಕಿಂತ ಸೂಕ್ಷ್ಮವಾದ ಉಪಕರಣಗಳು ಅವರ ಬಳಿ ಆಗಲೇ ಇವೆ. ಅವುಗಳನ್ನು ಬಳಸಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಅಷ್ಟೇ. ಇದನ್ನು ತೋರಿಸಲು ಮೊದಲು ಹೋಲಿಕೆಯ ಅಲಂಕಾರಗಳನ್ನು, ಆಮೇಲೆ ಬಳಸಿ ಬಳಸಿ ಸವೆದುಹೋದ ರೂಪಕಗಳನ್ನು, ಅನಂತರ ಒಂದರ ಹೆಸರಿನಲ್ಲಿ ಇನ್ನೊಂದನ್ನು ಹೇಳುವ ಬಗೆಯನ್ನು, ಕೊನೆಗೆ ಹೇಳಿದ್ದೊಂದು ಅರ್ಥ ಇನ್ನೊಂದು ಎನ್ನುವ ತಿರುವು ಮಾತನ್ನು ಎತ್ತಿಕೊಳ್ಳುತ್ತೇನೆ.

ಅದಕ್ಕೂ ಮುನ್ನ ಹೆಸರುಗಳ ವಿಷಯ ಮುಗಿಸಿಬಿಡೋಣ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಅಪಾಸ್ಟ್ರಫಿ, ಮೆಟಾನಿಮಿ, ಸಿನೆಕ್ಡಕಿ, ಆಕ್ಸಿಮೊರಾನ್, ಲೈಟೊಟೀಸ್. ಮಕ್ಕಳು ಹೆದರುವುದು ಈ ಹೆಸರುಗಳಿಗೆ. ಇವುಗಳಲ್ಲಿ ಹೆಚ್ಚಿನವು ಗ್ರೀಕಿನವು. ಇಂಗ್ಲಿಷರಿಗೂ ಹೊರಗಿನಿಂದ ಬಂದವೇ. 1589ರಲ್ಲಿ ಜಾರ್ಜ್ ಪುಟನ್‌ಹ್ಯಾಮ್ ಎಂಬಾತ ಇಂಗ್ಲಿಷ್ ಕಾವ್ಯಕಲೆಯ ಬಗ್ಗೆ ಒಂದು ಪುಸ್ತಕ ಬರೆದಾಗ ಈ ಗ್ರೀಕ್ ಹೆಸರುಗಳಿಗೆಲ್ಲ ತನ್ನ ಜನಕ್ಕೆ ತಿಳಿಯುವಂಥ ಅಡ್ಡಹೆಸರುಗಳನ್ನಿಟ್ಟ. ಹೈಪರ್ಬೊಲಿಗೆ ಅವನಿಟ್ಟದ್ದು ‘ಜೋರು ಸುಳ್ಳುಗಾರ’ ಎಂಬರ್ಥದ ಹೆಸರು. ಐರನಿಗೆ ‘ಒಣ ಗೇಲಿ’ ಎಂಬರ್ಥದ್ದು. ಆ ಹೆಸರುಗಳು ನಿಲ್ಲಲಿಲ್ಲ, ಗ್ರೀಕಿನವೇ ಉಳಿದವು. ನನ್ನನ್ನು ಕೇಳಿದರೆ ಪುಟನ್‌ಹ್ಯಾಮನನ್ನು ಎಂಟನೆಯ ತರಗತಿಗೆ ಮತ್ತೆ ಕರೆಸಿಕೊಳ್ಳಬಹುದು.

ನಮ್ಮಲ್ಲಿ ತಲೆಮಾರುಗಳು ಈ ಹೆಸರುಗಳನ್ನು ಕಲಿತದ್ದು ರೆನ್ ಮತ್ತು ಮಾರ್ಟಿನ್ ವ್ಯಾಕರಣದಿಂದ. ಪಿ.ಸಿ. ರೆನ್ ಮುಂಬೈ ಪ್ರಾಂತ್ಯದ ಶಿಕ್ಷಣ ಸೇವೆಯಲ್ಲಿದ್ದವನು. ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಲೋಕಪ್ರಸಿದ್ಧನಾದವನೂ ಅವನೇ. ಆ ಪುಸ್ತಕ ಅಲಂಕಾರಗಳನ್ನು ನಾಲ್ಕು ಗುಂಪು ಮಾಡುತ್ತದೆ: ಸಾಮ್ಯದಿಂದ ಬಂದವು, ವೈರುಧ್ಯದಿಂದ ಬಂದವು, ಒಡನಾಟದಿಂದ ಬಂದವು, ವಾಕ್ಯದ ಕಟ್ಟಿನಿಂದ ಬಂದವು. ಗುಂಪು ಒಳ್ಳೆಯದೇ. ಆದರೆ ಪ್ರತಿಯೊಂದಕ್ಕೂ ಒಂದು ವ್ಯಾಖ್ಯೆ, ನಾಲ್ಕಾರು ಉದಾಹರಣೆ, ಕೊನೆಗೆ ‘ಗುರುತಿಸಿ’ ಎಂಬ ಅಭ್ಯಾಸ. ಅಲ್ಲಿಗೆ ಮುಗಿಯಿತು. ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದು ಅಲ್ಲಿಲ್ಲ.

ಈಗ ಮೊದಲ ಭಾಗಕ್ಕೆ ಬರುತ್ತೇನೆ, ಹೋಲಿಕೆಗೆ.

ಕನ್ನಡ ಮಾಧ್ಯಮದಲ್ಲಿ ಓದಿದ ಯಾರನ್ನಾದರೂ ಕೇಳಿ, ಉಪಮಾಲಂಕಾರದ ಅಂಗಗಳನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಮುಖ ಕಮಲದಂತೆ ಅರಳಿತು ಎಂದರೆ ಮುಖ ಉಪಮೇಯ, ಕಮಲ ಉಪಮಾನ, ‘ಅಂತೆ’ ವಾಚಕ, ಅರಳುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಬಿಟ್ಟುಹೋದರೂ ಲುಪ್ತೋಪಮೆ. ಇದನ್ನು ಬಾಯಿಪಾಠದ ಕಸ ಎಂದು ಹೀಗಳೆಯುವವರಿದ್ದಾರೆ. ಅವರಿಗೆ ಒಂದು ವಿಷಯ ತಿಳಿಸಬೇಕು. ಇಂಗ್ಲಿಷ್ ವಿಮರ್ಶೆಯಲ್ಲಿ ರೂಪಕದ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಕರೆಯಲು ನೆಲೆನಿಂತ ಪಾರಿಭಾಷಿಕ ಪದಗಳು ಬಂದದ್ದು 1936ರಲ್ಲಿ, ಐ.ಎ. ರಿಚರ್ಡ್ಸ್ ತನ್ನ ಉಪನ್ಯಾಸಗಳ ಪುಸ್ತಕದಲ್ಲಿ ‘ಟೆನರ್’ ಮತ್ತು ‘ವೆಹಿಕಲ್’ ಎಂಬ ಜೋಡಿಯನ್ನು ಬಳಕೆಗೆ ತಂದಾಗ. ಅದಕ್ಕೂ ಮೊದಲು ರೂಪಕ ಎಂಬ ಒಂದೇ ಪದ ಕೆಲವೊಮ್ಮೆ ಇಡೀ ಹೋಲಿಕೆಗೂ ಕೆಲವೊಮ್ಮೆ ಅದರ ಅರ್ಧಕ್ಕೂ ಬಳಕೆಯಾಗಿ ಗೊಂದಲವಾಗುತ್ತಿತ್ತು ಎಂಬುದೇ ಅವನ ದೂರು. ನಮ್ಮಲ್ಲಿ ಸಂಸ್ಕೃತದ ಆಲಂಕಾರಿಕ ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ್ದು ಸುಮಾರು 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ. ಅದರ ಮೂರನೆಯ ಪರಿಚ್ಛೇದವೆಲ್ಲ ಅರ್ಥಾಲಂಕಾರಕ್ಕೇ ಮೀಸಲು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥವೇ ಅಲಂಕಾರದ ಪುಸ್ತಕ! ಯಾವ ಭಾಷೆಯ ಸಾಹಿತ್ಯವಾದರೂ ಕಾವ್ಯದಿಂದ ಶುರುವಾಗುತ್ತದೆ ಎನ್ನುತ್ತಾರೆ. ನಮ್ಮದು ಕಾವ್ಯವನ್ನು ಹೇಗೆ ಓದಬೇಕು ಎಂಬಲ್ಲಿಂದ ಸಿಕ್ಕುತ್ತದೆ.

ಈ ಉಪಕರಣವನ್ನು ಒಂದು ಸಾಧಾರಣ ಇಂಗ್ಲಿಷ್ ಉಪಮೆಯ ಮೇಲೆ ಪ್ರಯೋಗಿಸಿ ನೋಡೋಣ. ‘ಆಸ್ ಕೂಲ್ ಆಸ್ ಎ ಕುಕುಂಬರ್’. ಎಲ್ಲ ಗೈಡುಗಳಲ್ಲೂ ಇದೆ, ಮುಂದೆ ‘ಸಿಮಿಲಿ’ ಎಂದು ಬರೆದಿದೆ. ಈಗ ನಮ್ಮ ರೀತಿಯಲ್ಲಿ ಸಮನ್ವಯ ಮಾಡಿ. ಆ ಮನುಷ್ಯ ಉಪಮೇಯ, ಸೌತೆಕಾಯಿ ಉಪಮಾನ, ‘ಆಸ್’ ವಾಚಕ, ‘ಕೂಲ್’ ಸಮಾನಧರ್ಮ. ಸಮಾನಧರ್ಮದ ಹತ್ತಿರ ಬಂದಾಗ ಕೊಂಚ ನಿಲ್ಲಬೇಕಾಗುತ್ತದೆ. ಸೌತೆಕಾಯಿ ಮುಟ್ಟಿದರೆ ತಣ್ಣಗಿರುತ್ತದೆ. ಮನುಷ್ಯ ತಣ್ಣಗಿಲ್ಲ, ಸುತ್ತ ಗಲಾಟೆಯಾಗುತ್ತಿದ್ದರೂ ಕಂಗೆಡದೆ ಇದ್ದಾನೆ. ಒಂದೇ ಪದ ಕಾಯಿಗೆ ಒಂದರ್ಥದಲ್ಲಿ, ಮನುಷ್ಯನಿಗೆ ಇನ್ನೊಂದರ್ಥದಲ್ಲಿ ಹೊಂದುತ್ತದೆ. ಹಾಗಾದರೆ ಇದು ಬರೀ ಉಪಮೆಯಲ್ಲ, ಶ್ಲೇಷದ ಮೇಲೆ ನಿಂತ ಉಪಮೆ. ದಂಡಿ ಉಪಮೆಯ ಭೇದಗಳನ್ನು ಹೇಳುವಾಗ ಶ್ಲೇಷೋಪಮೆ ಎಂದು ಕರೆದದ್ದು ಈ ಬಗೆಯನ್ನೇ. ‘ಸಿಮಿಲಿ’ ಎಂದು ಬರೆದು ಒಂದು ಅಂಕ ತೆಗೆದುಕೊಂಡವನಿಗೆ ಇದು ಕಾಣುವುದಿಲ್ಲ. ಸಮನ್ವಯ ಮಾಡಿದವನಿಗೆ ಕಾಣದೆ ಇರುವುದಿಲ್ಲ.

ಸಮಾನಧರ್ಮ ಹುಡುಕುವುದರಿಂದ ಇನ್ನೂ ಒಂದು ಲಾಭವಿದೆ. ಅಪಾರ್ಥ ಎಲ್ಲಿ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. ಪಿಯುಸಿ ತರಗತಿಯಲ್ಲಿ ಒಮ್ಮೆ ‘ಹಿ ಗಾಟ್ ಎ ಕೋಲ್ಡ್ ರಿಸೆಪ್ಷನ್’ ಎಂಬ ವಾಕ್ಯದ ಅರ್ಥ ಕೇಳಿದೆ. ಕೆಂಗೇರಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು, “ಚೆನ್ನಾಗಿ ನೋಡ್ಕೊಂಡ್ರು ಸಾರ್. ಹೋದ ತಕ್ಷಣ ಜ್ಯೂಸ್ ಕೊಟ್ರು, ಎಸಿ ಹಾಲ್ ಇತ್ತು” ಎಂದಳು. ತರಗತಿ ನಕ್ಕಿತು. ರಿಸೆಪ್ಷನ್ ಎಂದರೆ ಅವಳಿಗೆ ಮದುವೆಯ ಹಿಂದಿನ ಸಂಜೆಯದು. ಕಲ್ಯಾಣಮಂಟಪಗಳ ಈ ಭಾಗದಲ್ಲಿ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕೋಲ್ಡ್’ ಎಂಬುದಕ್ಕೆ ಅವಳು ಕೊಟ್ಟ ಬೆಲೆ. ಅವಳ ಲೆಕ್ಕ ಕನ್ನಡದ ಲೆಕ್ಕ. ನಾವು ಹರಸುವಾಗ ಹೊಟ್ಟೆ ತಣ್ಣಗಿರಲಿ ಎನ್ನುತ್ತೇವೆ. ಮಗು ಊರಿಗೆ ಬಂದರೆ ಕಣ್ಣು ತಂಪಾಯಿತು ಎನ್ನುತ್ತೇವೆ. ಕಷ್ಟಕ್ಕೆ ತಲೆಬಿಸಿ, ಅಸೂಯೆಗೆ ಹೊಟ್ಟೆಕಿಚ್ಚು, ದುಃಖಕ್ಕೆ ಒಡಲು ಬೇಯುವುದು. ಇಂಗ್ಲಿಷಿನವರು ಚಳಿಯ ದೇಶದವರು. ಅವರಿಗೆ ಪ್ರೀತಿ ಬೆಚ್ಚಗೆ, ಅನಾದರ ತಣ್ಣಗೆ: ‘ವಾರ್ಮ್ ವೆಲ್ಕಮ್’, ‘ಕೋಲ್ಡ್ ಶೋಲ್ಡರ್’. ಪ್ರೀತಿಯ ವ್ಯಕ್ತಿಯನ್ನು ಬೇಸಗೆಯ ದಿನಕ್ಕೆ ಹೋಲಿಸಹೊರಡುವ ಷೇಕ್ಸ್‌ಪಿಯರನ ಸಾನೆಟ್ಟಿನ ಬಗ್ಗೆ ಎಲ್ಲರೂ ಇದೇ ಮಾತು ಹೇಳಿದ್ದಾರೆ, ಮತ್ತೆ ಹೇಳುವುದಿಲ್ಲ. ಬೆಚ್ಚಗಿನ ಮನೆಯನ್ನು ನಾವೂ ಮೆಚ್ಚುತ್ತೇವೆ ಎಂಬ ಆಕ್ಷೇಪ ಬರಬಹುದು. ನಿಜ, ಮೆಚ್ಚುತ್ತೇವೆ, ಮಳೆಗಾಲದಲ್ಲಿ. ಆ ಹುಡುಗಿಯ ಉತ್ತರಕ್ಕೆ ಸೊನ್ನೆ ಹಾಕುವ ಬದಲು ಉಪಮಾನವನ್ನು ಹುಟ್ಟಿಸಿದ ನೆಲ ಯಾವುದು ಎಂದು ತರಗತಿಯನ್ನೇ ಕೇಳಿದರೆ, ಆ ಒಂದು ಗಂಟೆಯಲ್ಲಿ ಆಗುವ ಪಾಠ ಯಾವ ಗೈಡಿನಲ್ಲೂ ಇಲ್ಲ.

ಹೋಲಿಕೆಯಿಂದ ರೂಪಕಕ್ಕೆ ಹೋಗುವಾಗ ನಾನು ಇಂಗ್ಲಿಷಿನ ಉದಾಹರಣೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿಗೆ ಹೋದ ಕನ್ನಡದ ರೂಪಕವೊಂದನ್ನು ತೆಗೆದುಕೊಳ್ಳುತ್ತೇನೆ. ಇಲ್ಲಿಂದ ಕೂಗಳತೆಯಲ್ಲಿರುವ ಬಸವೇಶ್ವರನಗರ ಯಾರ ಹೆಸರು ಹೊತ್ತಿದೆಯೋ ಆತನ ವಚನ ಅದು. ಉಳ್ಳವರು ಕಟ್ಟಿಸುವ ದೇಗುಲದ ಎದುರಿಗೆ ಬಡವ ತನ್ನ ದೇಹವನ್ನೇ ದೇಗುಲವಾಗಿ ನಿಲ್ಲಿಸುತ್ತಾನೆ. ಕಾಲು, ದೇಹ, ತಲೆ ಒಂದೊಂದೂ ಗುಡಿಯ ಒಂದೊಂದು ಭಾಗವಾಗುತ್ತದೆ. ತಮಗೆಲ್ಲ ಬಾಯಿಗೆ ಬರುವ ವಚನ. ಎ.ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟಿಸಿದಾಗ ಇಂಗ್ಲಿಷ್ ಓದುಗರಿಗೆ ಇಡೀ ವಚನ ಚಳವಳಿಯನ್ನು ಪರಿಚಯಿಸಲು ಪ್ರಸ್ತಾವನೆಯಲ್ಲಿ ಬಿಡಿಸಿ ತೋರಿಸಿದ್ದು ಈ ಒಂದು ವಚನವನ್ನು. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳಿದ ಆತ ಆ ಪ್ರಸ್ತಾವನೆಯಲ್ಲಿ ತೋರಿಸುವ ಒಂದು ಅಂಶ ರೂಪಕವನ್ನು ಅರ್ಥಮಾಡಿಕೊಳ್ಳುವ ಎಲ್ಲರಿಗೂ ಬೇಕಾದದ್ದು. ಗುಡಿಯ ಭಾಗಗಳಿಗೆ ನಮ್ಮ ಶಿಲ್ಪಿಗಳು ಮೊದಲೇ ದೇಹದ ಹೆಸರುಗಳನ್ನು ಇಟ್ಟಿದ್ದಾರೆ: ಪಾದ, ಜಂಘೆ, ಗ್ರೀವ. ದೇಹವನ್ನು ನೋಡಿ ಗುಡಿ ಕಟ್ಟಿದರು. ಆಮೇಲೆ ಗುಡಿ ಉಳಿಯಿತು, ದೇಹ ಮರೆತುಹೋಯಿತು. ಬಸವಣ್ಣ ಆ ರೂಪಕವನ್ನು ತಿರುಗಿಸಿ ಅದು ಹೊರಟ ಜಾಗಕ್ಕೇ ತಂದು ಬಿಡುತ್ತಾನೆ. ಗುಡಿ ಮಾಡುವುದು ಬೇರೆ, ಗುಡಿಯೇ ಆಗುವುದು ಬೇರೆ ಎಂಬ ಭೇದವನ್ನೂ ರಾಮಾನುಜನ್ ಅಲ್ಲೇ ಎತ್ತಿ ತೋರಿಸುತ್ತಾರೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಾವಯವ ರೂಪಕ ಎಂದು ಹೆಸರು. ಅಂಗಕ್ಕೆ ಅಂಗ ಹೊಂದುವ ರೂಪಕ. ಇಂಗ್ಲಿಷಿನಲ್ಲಿ ‘ಎಕ್ಸ್‌ಟೆಂಡೆಡ್ ಮೆಟಫರ್’. ಅದನ್ನು ಕಲಿಸಲು ಟೇಮ್ಸ್ ನದಿಯ ದಂಡೆಗೆ ಹೋಗಬೇಕಿಲ್ಲ. ವಚನದ ಅಂಕಿತವನ್ನೂ ರಾಮಾನುಜನ್ ಹಾಗೇ ಬಿಡಲಿಲ್ಲ. ಕೃಷ್ಣೆ ಮಲಪ್ರಭೆ ಕೂಡುವ ಊರಿನ ದೇವರನ್ನು ‘ಕೂಡುವ ನದಿಗಳ ಒಡೆಯ’ ಎಂಬರ್ಥ ಬರುವಂತೆ ಇಂಗ್ಲಿಷ್ ಮಾಡಿದರು. ದೇವರ ಹೆಸರನ್ನು ಅನುವಾದಿಸಬಹುದೆ ಎಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ನಮಗೆ ಬರೀ ಹೆಸರಾಗಿ ಕೇಳಿಸುತ್ತಿದ್ದ ಪದದೊಳಗೆ ಎರಡು ನದಿಗಳು ಹರಿಯುತ್ತಿವೆ ಎಂಬುದು ನನಗೆ ಹೊಳೆದದ್ದು ಇಂಗ್ಲಿಷಿನಲ್ಲಿ ಓದಿದ ಮೇಲೆಯೇ.

ಇಲ್ಲಿಗೆ ಎರಡನೆಯ ಭಾಗದ ಬಾಗಿಲಿಗೆ ಬಂದೆವು. ಹೆಸರಾಗಿ ಗಟ್ಟಿಯಾಗಿಬಿಟ್ಟ ರೂಪಕಗಳು. ಇಂಗ್ಲಿಷಿನವರು ‘ಡೆಡ್ ಮೆಟಫರ್’ ಎನ್ನುತ್ತಾರೆ. ಮಾಗಡಿ ರಸ್ತೆಯಲ್ಲಿ ‘ಟೋಲ್‌ಗೇಟ್’ ಎಂಬ ನಿಲ್ದಾಣವಿದೆಯಲ್ಲ, ಹಾಗೆ. ಅಲ್ಲಿ ಗೇಟಿಲ್ಲ, ಸುಂಕವಿಲ್ಲ, ಸುಂಕದವನೂ ಇಲ್ಲ; ಕಂಡಕ್ಟರ್ ಕೂಗುತ್ತಾನೆ, ನಾವು ಇಳಿಯುತ್ತೇವೆ. ಕಲಿಯುವವರಿಗೆ ಕಷ್ಟ ಕೊಡುವುದು ಕವಿಗಳ ಹೊಸ ರೂಪಕಗಳಿಗಿಂತ ಹೆಚ್ಚಾಗಿ ಇಂಥವು. ಹೊಸ ರೂಪಕ ತಾನು ರೂಪಕ ಎಂದು ಸಾರಿಕೊಂಡೇ ಬರುತ್ತದೆ. ಹಳೆಯದು ಸುಮ್ಮನೆ ವಾಕ್ಯದೊಳಗೆ ಕೂತಿರುತ್ತದೆ.

ಇಂಗ್ಲಿಷಿನ ಈ ಬಗೆಯ ಮಾತುಗಳಲ್ಲಿ ಆಶ್ಚರ್ಯಪಡುವಷ್ಟು ಪಾಲು ಹಾಯಿಹಡಗಿನದು. ‘ಟೇಕನ್ ಅಬ್ಯಾಕ್’ ಎಂದರೆ ತಬ್ಬಿಬ್ಬಾದ ಎಂದು ಓದುತ್ತೇವೆ. ಮೂಲದಲ್ಲಿ ಎದುರುಗಾಳಿ ತಟ್ಟನೆ ಹಾಯಿಗಳನ್ನು ಹಿಂದಕ್ಕೆ ಕೂವೆಮರಕ್ಕೆ ಒತ್ತಿ ಹಡಗನ್ನು ನಿಲ್ಲಿಸಿಬಿಡುವುದು. ‘ಬೈ ಅಂಡ್ ಲಾರ್ಜ್’ ಎಂದರೆ ಒಟ್ಟಾರೆ ಎಂದು. ಮೂಲದಲ್ಲಿ ಗಾಳಿ ಎದುರಿನಿಂದ ಬಂದರೂ ಹಿಂದಿನಿಂದ ಬಂದರೂ ಸಾಗಬಲ್ಲ ಹಡಗಿನ ಗುಣ. ಸಮುದ್ರ ಕಾಣಲು ಘಟ್ಟ ಇಳಿಯಬೇಕಾದ ನಮ್ಮ ಹುಡುಗರಿಗೆ ಇವು ಬರೀ ಸದ್ದು. ಆದರೆ ‘ಸ್ಟಿಕಿ ವಿಕೆಟ್’, ‘ಹಿಟ್ ಫಾರ್ ಸಿಕ್ಸ್’ ಎಂದರೆ ವಿವರಣೆಯೇ ಬೇಡ. ಕ್ರಿಕೆಟ್ ಗೊತ್ತು.

ಕನ್ನಡದಲ್ಲಿ ಹಡಗಿನ ಜಾಗದಲ್ಲಿ ಹೊಲವಿದೆ. ಚುನಾವಣಾ ಕಣ ಎಂದು ಪತ್ರಿಕೆಗಳು ಬರೆಯುತ್ತವೆ. ಕಣ ಎಂದರೆ ತೆನೆ ತುಳಿಸುವ ಜಾಗ ಎಂಬುದು ಎಷ್ಟು ಓದುಗರಿಗೆ ಕಾಣುತ್ತದೆ? ಹದವಾಗಿ ಮಾತಾಡು ಎನ್ನುವಾಗ ಬಿತ್ತನೆಗೆ ಬಂದ ನೆಲದ ತೇವ ನೆನಪಾಗುವುದಿಲ್ಲ. ಕನ್ನಡದಲ್ಲಿ ತಾನೇ ಪ್ರತಿದಿನ ಇಂಥ ಮಾತುಗಳ ಮೇಲೆ ನಡೆಯುತ್ತಿದ್ದೇನೆ ಎಂದು ಅರಿವಾದ ವಿದ್ಯಾರ್ಥಿ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ಅಸಂಗತವಾಗಿ ಕಂಡ ಕೂಡಲೇ ‘ಇದರ ಹಿಂದೆ ಯಾವ ಕಸುಬಿದೆ?’ ಎಂದು ಕೇಳಲು ಕಲಿಯುತ್ತಾನೆ. ಲೇಕಾಫ್ ಮತ್ತು ಜಾನ್ಸನ್ 1980ರಲ್ಲಿ ‘ಮೆಟಫರ್ಸ್ ವಿ ಲಿವ್ ಬೈ’ ಬರೆದು, ರೂಪಕ ಕವಿಗಳ ಸೊತ್ತಲ್ಲ, ನಮ್ಮ ಯೋಚನೆಯೇ ಅದರಿಂದ ಆಗಿದೆ ಎಂದು ವಾದಿಸಿದರು. ಬೆಲೆ ಏರುತ್ತದೆ, ಇಳಿಯುತ್ತದೆ. ವೇಳೆಯನ್ನು ಉಳಿಸುತ್ತೇವೆ, ಕಳೆಯುತ್ತೇವೆ. ಬೆಲೆಗೆ ಕಾಲಿಲ್ಲ, ವೇಳೆಗೆ ಡಬ್ಬಿಯಿಲ್ಲ. ಅವರ ವಾದವನ್ನು ಪೂರ್ತಿ ಒಪ್ಪದವರೂ ಆ ಪುಸ್ತಕ ಓದಿದ ಮೇಲೆ ಪತ್ರಿಕೆಯ ವಾಣಿಜ್ಯ ಪುಟವನ್ನು ಮೊದಲಿನಂತೆ ಓದಲಾರರು.

ಅರ್ಥ ಮರೆತ ರೂಪಕದಿಂದ ಬರೆಯುವವರಿಗೂ ಅಪಾಯವಿದೆ. 1946ರ ಪ್ರಬಂಧವೊಂದರಲ್ಲಿ ಜಾರ್ಜ್ ಆರ್ವೆಲ್ ಇದನ್ನು ಎತ್ತಿ ಆಡಿದ. ‘ಟೋ ದ ಲೈನ್’ ಎಂದರೆ ಗೆರೆಗೆ ಸರಿಯಾಗಿ ಕಾಲ್ಬೆರಳಿಟ್ಟು ನಿಲ್ಲುವುದು, ಅಂದರೆ ಶಿಸ್ತಿಗೆ ಒಳಪಡುವುದು. ಆದರೆ ಇಂಗ್ಲಿಷರೇ ಅದನ್ನು ಹಗ್ಗ ಎಳೆಯುವುದು ಎಂಬರ್ಥ ಬರುವಂತೆ ಬೇರೆ ಕಾಗುಣಿತದಲ್ಲಿ ಬರೆಯುತ್ತಾರೆ, ಚಿತ್ರ ಕಣ್ಣ ಮುಂದೆ ಇಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎಂದ. ಕನ್ನಡ ಲಿಪಿಯಲ್ಲಿ ಎರಡೂ ‘ಟೋ’ ಆಗಿಬಿಡುವುದರಿಂದ ನಮಗೆ ಆ ಅಪಾಯವಿಲ್ಲ!

ಮೂರನೆಯದು ಮೆಟಾನಿಮಿ ಮತ್ತು ಅದರ ದಾಯಾದಿ ಸಿನೆಕ್ಡಕಿ. ಈ ಭಾಗವೇ ನನ್ನ ಉಪನ್ಯಾಸದ ನಡುಗಂಬ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಡೌನಿಂಗ್ ಸ್ಟ್ರೀಟ್ ಒಪ್ಪಲಿಲ್ಲ, ಕ್ರೌನ್ ಮೊಕದ್ದಮೆ ಹೂಡಿತು, ಕಾರ್ಖಾನೆಗೆ ಇಪ್ಪತ್ತು ‘ಹ್ಯಾಂಡ್ಸ್’ ಬೇಕು ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಬೀದಿ ಒಪ್ಪುವುದಿಲ್ಲ, ಕಿರೀಟ ಕೋರ್ಟಿಗೆ ಹೋಗುವುದಿಲ್ಲ, ಕಾರ್ಖಾನೆಗೆ ಕೈಯೊಂದೇ ಬರುವುದಿಲ್ಲ. ವಿದ್ಯಾರ್ಥಿಗಳು ಮೆಟಾನಿಮಿಗೂ ಸಿನೆಕ್ಡಕಿಗೂ ಇರುವ ವ್ಯತ್ಯಾಸ ಉರುಹೊಡೆಯುವುದರಲ್ಲೇ ಸುಸ್ತಾಗುತ್ತಾರೆ. ಕನ್ನಡದಲ್ಲಿ ವಿಧಾನಸೌಧ ಮೌನವಾಗಿದೆ ಎಂದಾಗ ಯಾರೂ ಸುಸ್ತಾಗುವುದಿಲ್ಲ.

ಈ ಬಗೆಯ ಮಾತುಗಳಿಗೆ ನಮ್ಮ ಮೀಮಾಂಸಕರು ಕೊಟ್ಟ ಹೆಸರು ಲಕ್ಷಣಾ. ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ವಿಚಾರವನ್ನೆಲ್ಲ ಕನ್ನಡ ಓದುಗರಿಗೆ ತಿಳಿಯಾಗಿ ಕೊಟ್ಟಿದ್ದಾರೆ. ಸಂಸ್ಕೃತದ ಸಾಂಪ್ರದಾಯಿಕ ಉದಾಹರಣೆ ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’. ನೀರಿನ ಮೇಲೆ ಹಟ್ಟಿ ಇರಲಾರದು. ಹೀಗೆ ಮುಖ್ಯಾರ್ಥಕ್ಕೆ ಬಾಧೆ ಬಂತು. ಗಂಗೆಗೆ ಅಂಟಿಕೊಂಡದ್ದು ಅದರ ದಡ. ಮುಖ್ಯಾರ್ಥಕ್ಕೂ ಹೊಸ ಅರ್ಥಕ್ಕೂ ಸಂಬಂಧ ಸಿಕ್ಕಿತು. ಮೂರನೆಯದಾಗಿ, ದಡದಲ್ಲಿ ಎನ್ನದೆ ಗಂಗೆಯಲ್ಲಿ ಎಂದದ್ದೇಕೆ? ಒಂದೋ ಅದು ರೂಢಿ, ಇಲ್ಲವೇ ಅದಕ್ಕೊಂದು ಪ್ರಯೋಜನವಿದೆ. ಇಲ್ಲಿ ಗಂಗೆಯ ತಂಪು, ಪಾವಿತ್ರ್ಯ ಹಟ್ಟಿಗೂ ಬರಲಿ ಎಂಬುದು ಪ್ರಯೋಜನ. ಮುಖ್ಯಾರ್ಥಬಾಧೆ, ಸಂಬಂಧ, ರೂಢಿ ಅಥವಾ ಪ್ರಯೋಜನ.

ಇದನ್ನು ನಮ್ಮ ಬೀದಿಗೆ ತನ್ನಿ. ‘ನಮ್ಮ ಮನೆ ಮಾಗಡಿ ರೋಡಿನಲ್ಲಿದೆ.’ ಡಾಂಬರಿನ ಮೇಲೆ ಮನೆಯಿದ್ದರೆ ಪಾಲಿಕೆಯವರು ಬಂದು ಒಡೆಯುತ್ತಿದ್ದರು. ಆದ್ದರಿಂದ ರೋಡು ಎಂದರೆ ರೋಡಿನ ಪಕ್ಕ. ಹೀಗೆನ್ನುವುದು ಬರೀ ರೂಢಿ, ಯಾವ ಉದ್ದೇಶವೂ ಇಲ್ಲ. ಈಗ ಕೆಂಗೇರಿಯಾಚೆಯ ಜಾಹೀರಾತು ಫಲಕ ಓದಿ: ‘ಮೈಸೂರು ರಸ್ತೆಯಲ್ಲೇ ನಿವೇಶನಗಳು’. ನೋಡಲು ಹೋದರೆ ರಸ್ತೆ ಬಿಟ್ಟು ಕಿಲೋಮೀಟರುಗಟ್ಟಲೆ ಒಳಗೆ, ನಾಲ್ಕು ತಿರುವು ದಾಟಿ, ನೀಲಗಿರಿ ತೋಪಿನ ಪಕ್ಕದಲ್ಲಿ ಕಲ್ಲು ನೆಟ್ಟಿರುತ್ತಾರೆ. ಇದು ರೂಢಿಯಲ್ಲ, ಇದಕ್ಕೆ ಪ್ರಯೋಜನವಿದೆ! ಪ್ರಯೋಜನ ಯಾರಿಗೆ ಎಂಬುದು ಬೇರೆ ಮಾತು. ಮೀಮಾಂಸೆಯ ಈ ಮೂರು ಪ್ರಶ್ನೆ ಗೊತ್ತಿದ್ದವರು ಜಾಹೀರಾತಿಗೆ ಅಷ್ಟು ಸುಲಭವಾಗಿ ಮುಂಗಡ ಕೊಡುವುದಿಲ್ಲ.

ಇಂಗ್ಲಿಷಿನ ಯಾವ ಅಲಂಕಾರಕ್ಕಾದರೂ ಈ ಮೂರನ್ನೇ ಹಚ್ಚಿ ನೋಡಿ ಎಂದು ನಾನು ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ನೇರ ಅರ್ಥ ಎಲ್ಲಿ ಮುಗ್ಗರಿಸಿತು? ಏನಕ್ಕೂ ಏನಕ್ಕೂ ನಂಟು? ಹೀಗೇಕೆ ಹೇಳಿದರು? ಉತ್ತರ ಸಿಕ್ಕರೆ ಗ್ರೀಕ್ ಹೆಸರು ಗೊತ್ತಿಲ್ಲದ ಹುಡುಗನಿಗೂ ಅರ್ಥವಾಗಿದೆ. ಸಿಗದಿದ್ದರೆ ಹೆಸರು ಗೊತ್ತಿದ್ದವನಿಗೂ ಆಗಿಲ್ಲ. ಕಾರ್ಮಿಕರನ್ನು ‘ಹ್ಯಾಂಡ್ಸ್’ ಎಂದು ಕರೆದದ್ದಕ್ಕೆ ಮೂರನೆಯ ಪ್ರಶ್ನೆ ಹಾಕಿ. ಯಜಮಾನನಿಗೆ ಬೇಕಿದ್ದದ್ದು ಕೈ ಮಾತ್ರ, ಅದರ ಮೇಲಿನ ತಲೆ, ಅದರ ಕೆಳಗಿನ ಹೊಟ್ಟೆ ಅವನ ಲೆಕ್ಕಕ್ಕಿರಲಿಲ್ಲ ಎಂಬ ಉತ್ತರ ಬರುತ್ತದೆ. ಕೈಗಾರಿಕಾ ಬಡಾವಣೆಯಾಗಿ ಬೆಳೆದ ರಾಜಾಜಿನಗರದಲ್ಲಿ ಆ ಉತ್ತರವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾಲ್ಕನೆಯ ಭಾಗಕ್ಕೆ ಹೋಗುವ ಮುನ್ನ ಸಂಬೋಧನೆ ಮತ್ತು ಸದ್ದಿನ ಅಲಂಕಾರಗಳ ಬಗ್ಗೆ ಎರಡು ಮಾತು. ಇವು ನಮಗೆ ಕಷ್ಟವೇ ಅಲ್ಲ. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಹಡಗಿನಲ್ಲಿ ಊರಿಗೆ ಮರಳುವಾಗ ಬೆಳಕನ್ನೇ ಕರೆದು ಬರೆದ ಪ್ರಾರ್ಥನೆಯನ್ನು ಬಿ.ಎಂ.ಶ್ರೀ. ಕನ್ನಡಕ್ಕೆ ತಂದರು. ಶಾಲೆಶಾಲೆಗಳಲ್ಲಿ ಹಾಡಿದ್ದೇವೆ, ಇದು ಅಪಾಸ್ಟ್ರಫಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ. ‘ಇಂಗ್ಲಿಷ್ ಗೀತಗಳು’ ಸಂಕಲನದ ವಸಂತದ ಹಾಡಿನಲ್ಲಿ ಅವರು ಇಂಗ್ಲೆಂಡಿನ ಹಕ್ಕಿಗಳ ಕೂಗನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡರು. ಅನುಕರಣಾವ್ಯಯಗಳ ಸಂತೆಯೇ ಇರುವ ಭಾಷೆಯಲ್ಲಿ ಪರದೇಶದ ಹಕ್ಕಿಗೂ ಒಂದು ಕೊಂಬೆ ಸಿಕ್ಕಿತು. ವಿನಾಯಕ ಕೃಷ್ಣ ಗೋಕಾಕರ ‘ದ ಸಾಂಗ್ ಆಫ್ ಇಂಡಿಯಾ’ ಹತ್ತನೆಯ ತರಗತಿಯ ನಮ್ಮ ಇಂಗ್ಲಿಷ್ ಪಠ್ಯದಲ್ಲಿ ಹಲವು ವರ್ಷಗಳಿಂದ ಇದೆ. ಕವಿಗೂ ತಾಯಿ ಭಾರತಿಗೂ ನಡೆಯುವ ಸಂವಾದ ಅದು. ನಾಡನ್ನು ತಾಯಿಯಾಗಿಸಿ ಮಾತಾಡಿಸುವ ಪರ್ಸಾನಿಫಿಕೇಶನ್ ಕನ್ನಡಿಗರಿಗೆ ಹಾಲು ಕುಡಿದಷ್ಟು ಸಹಜ. ಆ ಗೋಕಾಕರು 1966ರಿಂದ 69ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು ಎಂಬುದನ್ನು ಜ್ಞಾನಭಾರತಿ ನಿಲ್ದಾಣದಲ್ಲಿ ಮೆಟ್ರೊ ಇಳಿಯುವ ವಿದ್ಯಾರ್ಥಿಗಳಿಗೆ ನೆನಪಿಸುತ್ತೇನೆ.

ಈಗ ತಿರುವು ಮಾತು: ವ್ಯಂಗ್ಯವಾಡುವ ಐರನಿ, ಅಲ್ಲಗಳೆದು ಹೇಳುವ ಲೈಟೊಟೀಸ್, ಕಹಿಯನ್ನು ಮೆತ್ತಗೆ ಹೇಳುವ ಯುಫಿಮಿಸಮ್. ಇವುಗಳಿಂದ ಪರೀಕ್ಷೆಯಲ್ಲಿ ಹೆಚ್ಚು ತೊಂದರೆಯಿಲ್ಲ. ತೊಂದರೆ ಬರುವುದು ಆಮೇಲೆ, ಕೆಲಸಕ್ಕೆ ಸೇರಿದಾಗ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಮೈಸೂರು ರಸ್ತೆಯ ಟೆಕ್ ಪಾರ್ಕುಗಳಲ್ಲಿದ್ದಾರೆ, ಲಂಡನ್ನಿನ ಗಿರಾಕಿಗಳ ಜೊತೆ ದಿನವೂ ಫೋನಿನಲ್ಲಿ ಮಾತಾಡುತ್ತಾರೆ. ಆ ಕಡೆಯವರು ‘ನಾಟ್ ಬ್ಯಾಡ್’ ಎಂದರೆ ಹೊಗಳಿದರೋ ತೆಗಳಿದರೋ? ‘ವಿತ್ ಗ್ರೇಟ್ ರೆಸ್ಪೆಕ್ಟ್’ ಎಂದು ಮಾತು ಶುರುಮಾಡಿದರೆ ನಿಜವಾಗಿ ಗೌರವವಿದೆಯೋ, ನಿಮ್ಮ ಮಾತು ತಪ್ಪು ಎಂದು ಹೇಳಲು ಪೀಠಿಕೆಯೋ? ಸಾಮಾನ್ಯವಾಗಿ ಎರಡನೆಯದೇ.

ಕನ್ನಡದಲ್ಲಿ ಇದು ಇಲ್ಲವೆ? ಧಾರವಾಡದ ಕಡೆಯವರು ಊಟ ಮುಗಿಸಿ ‘ಅಡ್ಡಿಯಿಲ್ಲ’ ಎಂದರೆ ಅಡುಗೆ ಮಾಡಿದವರು ಸಂತೋಷಪಡಬೇಕು. ಅದು ಒಳ್ಳೆಯ ಶಿಫಾರಸೇ. ನಮ್ಮ ಕಡೆ ‘ಪರವಾಗಿಲ್ಲ’ ಎಂಬುದರಲ್ಲಿ ಹೊಗಳಿಕೆ ಎಷ್ಟು, ಸಹನೆ ಎಷ್ಟು ಎಂಬುದು ಹೇಳುವವರ ಹುಬ್ಬನ್ನು ನೋಡಿ ತಿಳಿಯಬೇಕು. ಇನ್ನು ಐರನಿಗೆ ಮನೆಯೇ ಪಾಠಶಾಲೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದ ಮಗನಿಗೆ “ಬಂದ್ಯಾ ಮಹರಾಯ, ಇಷ್ಟು ಬೇಗ ಯಾಕಪ್ಪ ಬಂದೆ?” ಎನ್ನುವ ತಾಯಿ ಯಾವ ವ್ಯಾಖ್ಯೆಯನ್ನೂ ಓದಿಲ್ಲ, ಮಗನೂ ಕೇಳಿ ಗೊಂದಲಪಟ್ಟುಕೊಂಡಿಲ್ಲ. ಶಾಸ್ತ್ರದಲ್ಲಿ ಇದರ ನೆಂಟನಾದ ವ್ಯಾಜಸ್ತುತಿ ಇದೆ, ದಾಸರ ಪದಗಳಲ್ಲಿ ನಿಂದಾಸ್ತುತಿ ಇದೆ. ಇಂಗ್ಲಿಷಿನಲ್ಲಿ ‘ಆಸ್ ಕ್ಲಿಯರ್ ಆಸ್ ಮಡ್’ ಎಂಬ ಉಪಮೆ ಇದೇ ಜಾತಿಯದು: ಆಕಾರ ಉಪಮೆಯದು, ಕೆಲಸ ಗೇಲಿಯದು. ‘ಸಿಮಿಲಿ’ ಎಂದಷ್ಟೇ ಬರೆದರೆ ಅರ್ಧ ಉತ್ತರ.

ಯುಫಿಮಿಸಮ್ ಬಗ್ಗೆ ನಮ್ಮ ಶಾಸ್ತ್ರದ ನಿಲುವು ಕುತೂಹಲದ್ದು. ಅಮಂಗಳವಾದದ್ದನ್ನು ನೇರ ಆಡುವುದನ್ನು ಆಲಂಕಾರಿಕರು ದೋಷಗಳ ಪಟ್ಟಿಯಲ್ಲಿ, ಅಶ್ಲೀಲದ ಒಂದು ಬಗೆಯಾಗಿ ಸೇರಿಸಿದರು. ಅದನ್ನು ತಪ್ಪಿಸಿ ಆಡುವ ಜಾಣತನವನ್ನು ಹೆಂಗಸರು ಮನೆಯಲ್ಲಿ ಬೆಳೆಸಿದರು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಹೊರಡುವವರು ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಇವುಗಳ ಹಿಂದೆ ಇರುವುದು ಭಯ, ಜೊತೆಗೆ ಪ್ರೀತಿ. ಕಂಪನಿಯ ಇಂಗ್ಲಿಷಿನ ಯುಫಿಮಿಸಮ್ಮಿನ ಹಿಂದೆ ಬೇರೆ ಲೆಕ್ಕವಿದೆ. ‘ರೈಟ್‌ಸೈಸಿಂಗ್’ ಆಯಿತು, ‘ಲೆಟ್ ಗೋ’ ಮಾಡಿದೆವು ಎಂದರೆ ಕೆಲಸದಿಂದ ತೆಗೆದರು. ಇಲ್ಲಿ ಅಮಂಗಳವನ್ನು ಮುಚ್ಚಿದ್ದು ಕೇಳುವವನ ಮನಸ್ಸು ನೋಯದಿರಲಿ ಎಂದಲ್ಲ, ಹೇಳುವವನ ಮನಸ್ಸು ನೋಯದಿರಲಿ ಎಂದು. ಮೂರನೆಯ ಪ್ರಶ್ನೆ, ಹೀಗೇಕೆ ಹೇಳಿದರು ಎಂಬುದು, ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ಹೀಗೆ ಆಡದೆ ಸೂಚಿಸುವ ಅರ್ಥಕ್ಕೆ ಶಾಸ್ತ್ರದಲ್ಲಿ ಧ್ವನಿ ಎಂದು ಹೆಸರು. ‘ಕವಿರಾಜಮಾರ್ಗ’ ತನ್ನ ಕೊನೆಯ ಭಾಗದಲ್ಲಿ ಧ್ವನಿಯನ್ನೂ ಒಂದು ಅಲಂಕಾರವಾಗಿ ಎಣಿಸುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮ ಎಂದು ಸಾಧಿಸುತ್ತಿದ್ದ. ಆತ್ಮವೋ ಅಲಂಕಾರವೋ ಎಂಬ ಜಗಳ ಪಂಡಿತರಿಗಿರಲಿ. ಆಡದೆ ಬಿಟ್ಟದ್ದೂ ಅರ್ಥವೇ ಎಂಬುದು ನೃಪತುಂಗನ ಮಾನ್ಯಖೇಟದಲ್ಲಿ ಆಗಲೇ ತಿಳಿದಿತ್ತು.

ಕೊನೆಯದಾಗಿ, ಇಲ್ಲಿರುವ ಅಧ್ಯಾಪಕರಿಗೆ ಒಂದು ಕೋರಿಕೆ. ಕನ್ನಡ ಪ್ರಶ್ನೆಪತ್ರಿಕೆ ಅಲಂಕಾರವನ್ನು ಹೆಸರಿಸಿ ಲಕ್ಷಣದೊಂದಿಗೆ ಸಮನ್ವಯಗೊಳಿಸಿ ಎಂದು ಕೇಳುತ್ತದೆ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಹೆಸರಿಸಿದರೆ ಮುಗಿಯಿತು, ಒಂದು ಅಂಕ. ಅದೇ ಮಗು, ಅದೇ ವಾರ, ಅದೇ ಕೊಠಡಿ. ಒಂದು ದಿನ ವಿಚಾರ ಮಾಡಬೇಕು, ಇನ್ನೊಂದು ದಿನ ಊಹಿಸಿದರೆ ಸಾಕು. ಅಲಂಕಾರದ ಪ್ರಶ್ನೆಯ ಮಟ್ಟಿಗಾದರೂ ಇಂಗ್ಲಿಷ್ ಪತ್ರಿಕೆ ಕನ್ನಡ ಪತ್ರಿಕೆಯನ್ನು ನೋಡಿ ಕಲಿಯಬೇಕು. ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದ ಆ ಸಂಸ್ಥೆಗೆ ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರು ತರಬೇತಿಗೆ ಬರುತ್ತಾರೆ. ತಮಿಳಿನ ಅಣಿ ಇಲಕ್ಕಣವನ್ನು ಓದಿದವರು, ತೆಲುಗು, ಮಲಯಾಳದ ಅಲಂಕಾರ ಓದಿದವರು ಒಂದೇ ಕೋಣೆಯಲ್ಲಿ ಕೂರುವ ಜಾಗ ಇನ್ನೆಲ್ಲಿದೆ? ಮೆಟಾನಿಮಿಯ ಪಾಠವನ್ನು ಅಲ್ಲಿ ಲಕ್ಷಣೆಯಿಂದ ಶುರುಮಾಡಿ ನೋಡಬಹುದು.

ಅಷ್ಟು ದೂರದ ಮಾತು ಬೇಡವೆಂದರೆ ಸೋಮವಾರವೇ ಮಾಡಬಹುದಾದದ್ದು ಇದೆ. ಬೆಳಗಿನ ಇಂಗ್ಲಿಷ್ ಪತ್ರಿಕೆಯ ಮೊದಲ ಪುಟವನ್ನು ತರಗತಿಗೆ ಒಯ್ಯಿರಿ. ನೇರ ಅರ್ಥ ಮುಗ್ಗರಿಸುವ ಶೀರ್ಷಿಕೆಗಳ ಕೆಳಗೆ ಮಕ್ಕಳಿಂದಲೇ ಗೆರೆ ಎಳೆಸಿ. ನಂಟು ಯಾವುದು, ಹೀಗೇಕೆ ಬರೆದರು ಎಂದು ಕೇಳಿ. ಉತ್ತರ ಕನ್ನಡದಲ್ಲಿ ಬಂದರೆ ಬರಲಿ, ಬರೆದುಕೊಳ್ಳಿ. ಸಿಮಿಲಿಯೋ ಮೆಟಾನಿಮಿಯೋ ಎಂಬುದನ್ನು ಗಂಟೆ ಹೊಡೆಯುವ ಮುಂಚೆ ಹೇಳಿದರಾಯಿತು.